ಬೆಲೆ ಕೇಳದ ದೇವರು

ನನಗೆ ದೆವ್ವದ ಭಯವಿಲ್ಲ. ಬೆಲೆ ಕೇಳದೆ ಹೋಗುವ ಗಿರಾಕಿಯ ಭಯ ಮಾತ್ರ ಬಹಳ. "ಇದೇನು ಚಿನ್ನದಲ್ಲಿ ಮಾಡಿದ್ದಾ?" ಎಂದು ಮೂಗು ಮುರಿಯುವವರು, ಎರಡು ಹೆಜ್ಜೆ ಹೋಗಿ ತಿರುಗಿ ನೋಡುವವರು, ಗೊಂಬೆಯ ಕಿವಿ ಸೊಟ್ಟಗಿದೆ ಎಂದು ಜಗಳ ತೆಗೆಯುವವರು, ಇವರೆಲ್ಲ ನನ್ನ ನೆಂಟರು. ಬಾಯಿ ಬಿಟ್ಟವನ ಜೊತೆ ಏನಾದರೂ ಕುದುರುತ್ತದೆ. ಆದರೆ ಚನ್ನಪಟ್ಟಣದ ಹೆದ್ದಾರಿ ಪಕ್ಕ ಅಂಗಡಿ ಇಟ್ಟುಕೊಂಡು, ಕಾರುಗಳು ಗಾಜನ್ನೂ ಇಳಿಸದೆ ಸುಯ್ಯೆಂದು ಮೈಸೂರಿನ ಕಡೆ ಹೋಗುವುದನ್ನು ನೋಡಿದ್ದೀರಾ? ರಸ್ತೆ ಅಗಲವಾದ ಮೇಲಂತೂ ಅವರ ಪಾಲಿಗೆ ನಾನೂ ಒಂದೇ, ಮೈಲಿಗಲ್ಲೂ ಒಂದೇ. ಮೈಲಿಗಲ್ಲನ್ನಾದರೂ ಓದುತ್ತಾರೆ.

ಈ ಭಯಕ್ಕೆ ದೊಡ್ಡದೊಂದು ಸಾಹಿತ್ಯವೇ ಇದೆ ಎಂದು ನನಗೆ ಗೊತ್ತಾದದ್ದು ನನ್ನ ಮಹಡಿಯ ಮೇಲೆ.

ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದ ಕಾಲ ಅದು. ಅಂಗಡಿಯ ಮೇಲಿನ ಕೋಣೆಯನ್ನು ಚಂದ್ರು ಎಂಬ ಹುಡುಗನಿಗೆ ಬಾಡಿಗೆಗೆ ಕೊಟ್ಟಿದ್ದೆ. ವಿರೂಪಾಕ್ಷಿಪುರದ ಕಡೆಯ ರೈತರ ಮಗ, ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಭಾನುವಾರ ಮಧ್ಯಾಹ್ನವಾದರೆ ಅವನ ಜೊತೆ ಕೆಲಸ ಮಾಡುವ ಇಬ್ಬರು ಬರುತ್ತಿದ್ದರು. ಒಬ್ಬ ದೊಡ್ಡಆಲಹಳ್ಳಿಯ ಸಿದ್ದರಾಜು, ಬಾಯಿ ದೊಡ್ಡದು. ಇನ್ನೊಬ್ಬ ಮಾಗಡಿಯ ಗೋವಿಂದ, ಮಾತು ಕಡಿಮೆ. ಬಾಗಿಲು ಹಾಕಿಕೊಂಡು ಸಂಜೆಯವರೆಗೆ ಗುಸುಗುಸು, ನಡುವೆ ಒಮ್ಮೊಮ್ಮೆ ಚೀರಾಟ. ಇಸ್ಪೀಟು ಇರಬೇಕೆಂದು ಒಂದು ದಿನ ಮೆಟ್ಟಿಲು ಹತ್ತಿದೆ. ನೋಡಿದರೆ ಎಲೆಯಿಲ್ಲ, ಕಾಸಿಲ್ಲ. ಮೂವರೂ ಮೇಜಿನ ಸುತ್ತ ಕೂತು ಕಥೆ ಹೇಳಿಕೊಳ್ಳುತ್ತಿದ್ದಾರೆ!

ಅದೊಂದು ಆಟವಂತೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ. "ಬಾಗಿಲು ತಾನೇ ತೆರೆಯಿತು, ಏನು ಮಾಡುತ್ತೀಯ?" ಎಂದು ಅವನು ಕೇಳಬೇಕು, ಇವನು ಹೇಳಬೇಕು. ಆ ಕೆಲಸ ಫಲಿಸಿತೋ ಇಲ್ಲವೋ ಎಂಬುದನ್ನು ಹತ್ತು ಮುಖದ ಒಂದು ದಾಳ ಹೇಳುತ್ತದೆ. ಚಂದ್ರು ನಡೆಸುತ್ತಿದ್ದ ಕಥೆ ನಮ್ಮ ರಾಮನಗರದ ಬಂಡೆಗಳದ್ದೇ. ಕಲ್ಲುಗಣಿಯವರು ಸಿಡಿಮದ್ದು ಇಟ್ಟೂ ಇಟ್ಟೂ, ಬೆಟ್ಟದ ಬುಡದಲ್ಲಿ ಮನುಷ್ಯ ಹುಟ್ಟುವ ಮೊದಲೇ ಮಲಗಿದ್ದ ಏನೋ ಒಂದು ಮಗ್ಗುಲು ಬದಲಿಸಿದೆ. ಅದಕ್ಕೆ ಹೆಸರಿಲ್ಲ, ಮುಖವಿಲ್ಲ. ನೋಡಿದವರಿಗೆ ಹುಚ್ಚು ಹಿಡಿಯುತ್ತದೆ.

"ಅದ್ಕೆ ನಮ್ ಮ್ಯಾಲೆ ಏನ್ ಸಿಟ್ಟು?" ಎಂದೆ.

"ಸಿಟ್ಟೇ ಇಲ್ಲ ಅಣ್ಣ. ನಾವು ಇದೀವಿ ಅಂತಲೇ ಅದ್ಕೆ ಗೊತ್ತಿಲ್ಲ. ಅದೇ ಭಯ" ಎಂದ ಚಂದ್ರು.

ಗಾಜು ಇಳಿಸದ ಕಾರೇ ಇದು!

ಆಮೇಲೆ ಯೋಚಿಸಿದೆ. ನಮ್ಮ ದೇವರುಗಳಲ್ಲಿ ಇಂಥವರಿಲ್ಲ. ನಮ್ಮ ಕಡೆಯ ಹರಕೆ ಎಂಬುದಿದೆಯಲ್ಲ, ಬಿಡಿಸಿ ನೋಡಿದರೆ ಅದು ಚೌಕಾಸಿಯೇ. "ಮಗಳ ಮದುವೆ ಆಗಲಿ ತಾಯಿ, ಒಂದು ಸೀರೆ ಉಡಿಸುತ್ತೇನೆ" ಎನ್ನುತ್ತೇವೆ. ಆಗದಿದ್ದರೆ ಸೀರೆಯ ಜೊತೆ ಬಳೆಯನ್ನೂ ಸೇರಿಸುತ್ತೇವೆ. ಮುನೇಶ್ವರ ಎಷ್ಟೇ ಉಗ್ರನಾದರೂ ಕೋಳಿಯ ಮಾತು ಬಂದರೆ ಕಿವಿ ಕೊಡುತ್ತಾನೆ. ಮಾರಮ್ಮ ಮುನಿಯುತ್ತಾಳೆ ಎಂದರೆ ನಮ್ಮ ಮೇಲೆ ಗಮನವಿದೆ ಎಂದೇ ಅರ್ಥ. ಹರಕೆಯನ್ನೇ ಕೇಳಿಸಿಕೊಳ್ಳದ ದೇವರೊಂದನ್ನು ಕಲ್ಪಿಸಿಕೊಂಡವನು ಯಾವ ದೇಶದವನೋ, ಅವನೂ ಎಲ್ಲೋ ರಸ್ತೆಬದಿಯಲ್ಲಿ ಅಂಗಡಿ ಇಟ್ಟು ನೊಂದವನಿರಬೇಕು.

ಈ ಜಾತಿಯ ಕಥೆಗಳನ್ನು ಚಂದ್ರು ನನಗೆ ಒಂದೊಂದಾಗಿ ಹೇಳಿದ. ಎಲ್ಲದರಲ್ಲೂ ಒಬ್ಬ ಓದಿದವನು ಇರುತ್ತಾನೆ, ಊರವರು ಬೇಡವೆಂದ ಜಾಗಕ್ಕೇ ಹೋಗುತ್ತಾನೆ, ಕೆಡುತ್ತಾನೆ. ನನ್ನ ಸಲಹೆ ಕೇಳುವುದಾದರೆ, ಸೈಟು ಕೊಳ್ಳುವಾಗಲೂ ಇದನ್ನು ನೆನಪಿಡಿ. ಊರವರು ಯಾಕೋ ತಲೆ ಅಲ್ಲಾಡಿಸಿದರೆ ಮುಂಗಡ ಕೊಡಬೇಡಿ.

ನಾನು ಆಟಕ್ಕೆ ಸೇರಿದ್ದು ಒಂದು ನಷ್ಟದಿಂದ. ಅವರ ಹತ್ತು ಮುಖದ ದಾಳ ಕಿಟಕಿಯಿಂದ ಹಾರಿ ಮೋರಿಗೆ ಬಿತ್ತು. ಸಿದ್ದರಾಜು ಬಂದು, "ಅಣ್ಣೋ, ಇಡೀ ಊರೇ ಮರದ ಸಾಮಾನು ಮಾಡ್ತದೆ, ಒಂದು ದಾಳ ಮಾಡ್ಕೊಡಕಾಗಲ್ವಾ?" ಎಂದು ಕೆಣಕಿದ. ಆಗಲ್ಲ ಎನ್ನುವ ಅಭ್ಯಾಸ ನನಗಿಲ್ಲ. ನಾನು ಅಂಗಡಿ ಮಾಡುವ ಮೊದಲು ಲೇತ್ ಮುಂದೆ ಕೂತು ಅರಗಿನ ಬಣ್ಣ ಹಚ್ಚಿದವನೇ. ಆದರೆ ಲೇತಿನ ಗುಣ ನಿಮಗೆ ಗೊತ್ತಿರಲಿ. ಅದು ಮುಟ್ಟಿದ್ದನ್ನೆಲ್ಲ ದುಂಡಗೆ ಮಾಡುತ್ತದೆ. ಮುಖಗಳಿರುವುದನ್ನು ಅದರಿಂದ ತೆಗೆಯುವುದು ಕಷ್ಟ. ಉಳಿಯಲ್ಲಿ ಕೆತ್ತಿ ಕೆತ್ತಿ ನಾನು ತೆಗೆದದ್ದು ಬದನೆಕಾಯಿಯಂತಿತ್ತು. ಹೇಗೆ ಎಸೆದರೂ ಎರಡೇ ಬೀಳುತ್ತಿತ್ತು. ಆಟದಲ್ಲಿ ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು. ಅದನ್ನು ಮೊದಲು ಕಂಡುಹಿಡಿದವನು ಸಿದ್ದರಾಜು. ಆ ಭಾನುವಾರ ಅವನಂಥ ಧೈರ್ಯವಂತ ಜಿಲ್ಲೆಯಲ್ಲೇ ಇರಲಿಲ್ಲ. ಗುಹೆಗೆ ಒಬ್ಬನೇ ನುಗ್ಗಿದ.

ಕೊನೆಗೆ ನನಗೆ ಬರುವ ಕೆಲಸವನ್ನೇ ಮಾಡಿದೆ. ಗೊಂಬೆಗೆ ಬಳಸುವ ಆಲೆ ಮರದಲ್ಲಿ ಬೆರಳಿನಿಂದ ತಿರುಗಿಸುವ ಬುಗುರಿಯೊಂದನ್ನು ತೆಗೆದು, ಅದರ ಅಂಚನ್ನು ಹತ್ತು ಕಡೆ ಚಪ್ಪಟೆಯಾಗಿ ಸವರಿ, ಅಂಕಿ ಬರೆದು, ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟೆ. ತಿರುಗಿ ತಿರುಗಿ ವಾಲಿ ಬಿದ್ದಾಗ ಮೇಲೆ ಯಾವ ಅಂಕಿಯೋ ಅದೇ ಫಲ.

ಆಟದ ಸ್ವರೂಪವೇ ಬದಲಾಯಿತು. ದಾಳ ಟಕ್ಕೆಂದು ಬೀಳುತ್ತದೆ, ಬದುಕಿದೆಯೋ ಸತ್ತೆಯೋ ಆಗಲೇ ಗೊತ್ತು. ಬುಗುರಿ ಹಾಗಲ್ಲ. ಗುಂಯ್ ಎಂದು ನಿಂತಲ್ಲೇ ನಿಲ್ಲುತ್ತದೆ, ನಿದ್ದೆ ಹೋದಂತೆ ಕಾಣುತ್ತದೆ, ಆಮೇಲೆ ತಲೆದೂಗುತ್ತದೆ. ಅಷ್ಟು ಹೊತ್ತೂ ಎಲ್ಲರೂ ಉಸಿರು ಹಿಡಿದು ಕೂರಬೇಕು. ಬುಗುರಿ ಬೀಳುವ ತನಕ ಕಥೆಯಲ್ಲಿ ಏನೂ ಆಗುವಂತಿಲ್ಲ ಎಂದು ಚಂದ್ರು ನಿಯಮವನ್ನೇ ಮಾಡಿದ. ಭಯದ ರುಚಿ ಇರುವುದು ಕಾಯುವುದರಲ್ಲಿ. ವ್ಯಾಪಾರದ ರುಚಿಯೂ ಅಷ್ಟೆ.

ಬುಗುರಿಯ ಜೊತೆ ನಾನೂ ಮೇಜಿಗೆ ಬಂದೆ. ನನ್ನ ಪಾತ್ರ ಒಬ್ಬ ಗೊಂಬೆ ವ್ಯಾಪಾರಿ. ಕಲ್ಪನೆಗೆ ಹೆಚ್ಚು ಖರ್ಚು ಮಾಡಲಿಲ್ಲ. ಗಲ್ಲಾದ ಮೇಲೆ ಕೂರುವ ಕೆಲಸ ಹೆಂಡತಿ ಸುನಂದಳ ಪಾಲಿಗೆ ಬಿತ್ತು. "ಮಕ್ಳಿಗೆ ಆಟದ ಸಾಮಾನು ಮಾರಿ ಮಾರಿ ಈಗ ನೀವೇ ಆಟಕ್ಕೆ ಹೊಂಟ್ರಾ?" ಎಂದು ಅವಳು ಪ್ರತಿ ವಾರ ಮೆಟ್ಟಿಲಿನವರೆಗೆ ನನ್ನನ್ನು ಬೀಳ್ಕೊಡುತ್ತಿದ್ದಳು. ಬಯ್ದರೂ ನಾಲ್ಕು ಲೋಟ ಟೀ ಮೇಲೆ ಬರುತ್ತಿತ್ತು. ಮಾಗಡಿಗೆ ರೈಲಿಲ್ಲವಾದ್ದರಿಂದ ಗೋವಿಂದ ಎರಡು ಬಸ್ಸು ಬದಲಿಸಿ ಊರು ಸೇರಬೇಕು. ಹಾಗಾಗಿ ಎಲ್ಲರಿಗಿಂತ ಮೊದಲು ಅವನ ಪಾತ್ರಕ್ಕೆ ಹುಚ್ಚು ಹಿಡಿಯುತ್ತಿತ್ತು. ಸಾವಿರ ಕೈಗಳ ಭೂತ ಎದುರಿಗಿದ್ದರೂ ಅವನು ನೋಡುತ್ತಿದ್ದುದು ಗಡಿಯಾರವನ್ನೇ.

ಹೀಗೆ ಸುಖವಾಗಿ ನಡೆಯುತ್ತಿದ್ದಾಗ ಚಂದ್ರುವಿಗೆ ಉತ್ತರದ ಕಡೆಯ ಇನ್ನೊಂದು ಕಾರ್ಖಾನೆಗೆ ವರ್ಗವಾಯಿತು. "ಬರೋ ಭಾನ್ವಾರ ಕಥೆ ಮುಗಿಸ್ಬುಡ್ತೀನಿ ಅಣ್ಣ. ಅದು ಎದ್ದು ಎಲ್ಲಾನೂ ನುಂಗ್ತದೆ. ಅರ್ಧಂಬರ್ಧ ಬುಟ್ಟೋದ್ರೆ ನಂಗೆ ನಿದ್ದೆ ಬರಲ್ಲ" ಎಂದ. ಸಿದ್ದರಾಜುವಿನ ಮುಖ ಸಪ್ಪಗಾಯಿತು. ಕಥೆ ಮುಗಿದರೆ ಗುಂಪು ಮುಗಿದಂತೆಯೇ. ಸಿದ್ದರಾಜು ಯಾಕೆ ಬಂದಾನು? ಗೋವಿಂದ ಯಾಕೆ ಬಸ್ಸು ಬದಲಿಸಿಯಾನು? ಆ ವಾರವೆಲ್ಲ ಗಿರಾಕಿಗಳ ಜೊತೆ ಮಾತಾಡುತ್ತಿದ್ದರೂ ಲಕ್ಷ್ಯವೆಲ್ಲ ಮಹಡಿಯ ಮೇಲಿತ್ತು.

ಕೊನೆಯ ಭಾನುವಾರ ಬಂತು. ಚಂದ್ರು ದನಿ ತಗ್ಗಿಸಿ, "ಬಂಡೆ ಬಿರೀತು. ಅದು ಎದ್ದು ನಿಂತದೆ. ಏನ್ ಮಾಡ್ತೀರ?" ಎಂದ.

"ಓಡ್ತೀನಿ" ಎಂದ ಸಿದ್ದರಾಜು. ಬುಗುರಿ ಒಂಬತ್ತು ತೋರಿಸಿತು. ಎಡವಿ ಬಿದ್ದ.

ಗೋವಿಂದನಿಗೆ ಅಷ್ಟರಲ್ಲಾಗಲೇ ಹುಚ್ಚು ಹಿಡಿದಿತ್ತು.

"ನೀವು ಅಣ್ಣ?"

"ಅಂಗಡಿ ತೆಗೀತೀನಿ" ಎಂದೆ.

"ಥೂ, ಅದ್ರ ಮುಂದೆ ಅಂಗಡಿ ಏನ್ ತೆಗೀತೀಯಣ್ಣೋ! ಅದ್ಕೆ ಕಣ್ಣೇ ಇಲ್ಲ" ಎಂದು ಬಿದ್ದಲ್ಲಿಂದಲೇ ಸಿದ್ದರಾಜು ಕೂಗಿದ.

"ಕಣ್ಣಿಲ್ದಿದ್ರೆ ಬುಡು. ಕಿವಿ ಐತೇನಪ್ಪಾ ಚಂದ್ರು?"

ಅವನು ಯೋಚಿಸಿದ. "ಐತೆ ಅಂತಿಟ್ಕೊಳಿ."

"ಹಂಗಾರೆ ಕಲ್ ಮ್ಯಾಲೆ ಬುಗುರಿ ಬುಡ್ತೀನಿ. ಗುಂಯ್ ಅನ್ನೋದು ಕೇಳ್ಲಿ."

"ಒಂದು ಬಿದ್ರೆ ಮಾತ್ರ ಅದು ನಿಮ್ ಕಡೆ ತಿರುಗ್ತದೆ. ಇಲ್ದಿದ್ರೆ ಮುಗೀತು" ಎಂದ ಚಂದ್ರು.

ತಿರುಗಿಸಿದೆ. ಲೇತಿನ ಮುಂದೆ ಸವೆದ ಬೆರಳುಗಳಿಗೆ ಬುಗುರಿ ಬಿಡುವುದು ಬರುತ್ತದೆ. ಅದು ನಿಂತಿತು, ನಿದ್ದೆ ಹೋಯಿತು. ಸುನಂದ ಟೀ ತಂದವಳು ಬಾಗಿಲಲ್ಲೇ ನಿಂತಳು. ತಲೆದೂಗಿತು, ಒಂದು ಸುತ್ತು ಮೇಜಿನ ಅಂಚಿನವರೆಗೆ ಹೋಗಿ ಬಂತು, ಬಿತ್ತು.

ಎರಡು.

"ಹೋಯ್ತು" ಎಂದ ಗೋವಿಂದ, ಹುಚ್ಚು ಹಿಡಿದಿದ್ದನ್ನೂ ಮರೆತು.

"ಎಲ್ ಹೋಯ್ತು?" ಎಂದೆ ನಾನು. "ಒಂದು ಕೇಳ್ದೆ, ಎರಡು ಬಂದದೆ. ಪಕ್ಕದ್ ಮನೆ ತಾನೆ? ನೋಡಪ್ಪ ಚಂದ್ರು, ಪೂರ್ತಿ ತಿರುಗೋದು ಬ್ಯಾಡ. ನಿನ್ಗೂ ನಷ್ಟ ಬ್ಯಾಡ, ನನ್ಗೂ ಬ್ಯಾಡ. ಒಸಿ ಕತ್ತು ವಾಲ್ಸಲಿ ಸಾಕು."

"ಅದ್ಕೆ ಕತ್ತೂ ಇಲ್ಲ ಅಣ್ಣ!"

"ಏನೈತೋ ಅದ್ನೇ ವಾಲ್ಸು."

ಚಂದ್ರುವಿಗೆ ನಗು ತಡೆಯಲಾಗಲಿಲ್ಲ. ಗಿರಾಕಿ ನಕ್ಕಮೇಲೆ ಅರ್ಧ ವ್ಯಾಪಾರ ಆದಂತೆ, ಇದನ್ನೂ ನೆನಪಿಡಿ. "ಸರಿ, ಒಸಿ ವಾಲ್ತು" ಎಂದ. ಆಮೇಲೆ ಏನನ್ನಿಸಿತೋ, ಬಂಡೆ ಉಜ್ಜಿದಂಥ ದನಿ ಮಾಡಿ, "ಇದು... ಎಷ್ಟು?" ಎಂದ.

ಕೋಟಿ ವರ್ಷದಿಂದ ಯಾರನ್ನೂ ಏನನ್ನೂ ಕೇಳದಿದ್ದ ದೇವರು ಬೆಲೆ ಕೇಳಿತ್ತು. ಸಿದ್ದರಾಜು ಹೇಳು ಹೇಳು ಎಂದು ಮೊಣಕೈಯಲ್ಲಿ ತಿವಿದ. ಏನು ಕೇಳಿದರೂ ಸಿಗುತ್ತಿತ್ತು. ಊರನ್ನು ಬಿಟ್ಟುಬಿಡು ಎಂದಿದ್ದರೆ ಊರು ಉಳಿದು, ನಾವು ಗೆದ್ದು, ಕಥೆ ಅಲ್ಲೇ ಮುಗಿಯುತ್ತಿತ್ತು.

ನಾನು ಬುಗುರಿಯನ್ನು ಜೇಬಿಗೆ ಹಾಕಿಕೊಂಡು ಎದ್ದೆ. "ಕತ್ಲಾಯ್ತು ಸ್ವಾಮಿ, ಅಂಗಡಿ ಮುಚ್ಚೋ ಹೊತ್ತು. ಇನ್ನೊಂದಪ ಬನ್ನಿ, ಕೂತ್ಕೊಂಡು ಮಾತಾಡಾನ" ಎಂದೆ.

ಬುಗುರಿ ಬೀಳದೆ ಕಥೆ ಮುಂದುವರಿಯುವಂತಿಲ್ಲ ಎಂಬುದು ಚಂದ್ರುವಿನದೇ ನಿಯಮ. "ಮೋಸ ಕಣಣ್ಣ ಇದು!" ಎಂದ. ಆದರೆ ಮುಖ ಅರಳಿತ್ತು.

ನನಗೆ ಗೊತ್ತಿರುವ ವ್ಯಾಪಾರದ ಗುಟ್ಟು ಇದೊಂದೇ. ಇಷ್ಟವಾದ ಗಿರಾಕಿಯ ಜೊತೆ ಲೆಕ್ಕವನ್ನು ಪೂರ್ತಿ ಚುಕ್ತಾ ಮಾಡಿಕೊಳ್ಳಬಾರದು. ಒಂದು ಮಾತು ಬಾಕಿ ಇರಬೇಕು, ಅದನ್ನು ಹುಡುಕಿಕೊಂಡು ಅವನು ಬರಬೇಕು.

ಆ ದಸರಾ ರಜೆಗೆ ಚಂದ್ರು ಊರಿಗೂ ಹೋಗದೆ ಮೊದಲು ನನ್ನ ಅಂಗಡಿಗೇ ಬಂದ. ಹೆಗಲ ಮೇಲಿನ ಚೀಲವನ್ನೂ ಇಳಿಸಿರಲಿಲ್ಲ. ಒಳಗೆ ಸಿದ್ದರಾಜು ಕಾಯುತ್ತಿದ್ದ. ಗೋವಿಂದ ಅಂದು ಮುಂಚಿನ ಬಸ್ಸಿಗೇ ಬಂದುಬಿಟ್ಟಿದ್ದ.

"ಎಲ್ಲಿಗೆ ನಿಲ್ಸಿದ್ವಿ ಅಣ್ಣ?" ಎಂದ ಚಂದ್ರು.

"ಅದಿನ್ನೂ ಬೆಲೆ ಕೇಳ್ಕೊಂಡು ನಿಂತೈತೆ ಕಣಪ್ಪ" ಎಂದು ಬುಗುರಿ ಹುಡುಕಿದೆ. ಸುನಂದ ಈ ಸಲ ಬಯ್ಯದೆ ಗಲ್ಲಾದ ಮೇಲೆ ಹೋಗಿ ಕೂತಳು.