ತಾತನಿಗೊಂದು ಮುಖ ಬರೆಸಿದ್ದು

ಚಿತ್ರಕಲೆಯ ಬಗ್ಗೆ ಒಂದು ಕಾಲದಲ್ಲಿ ನನಗೆ ಬಹಳ ಗಟ್ಟಿಯಾದ ಅಭಿಪ್ರಾಯವಿತ್ತು. ಬಣ್ಣ ಜಾಸ್ತಿ ಬಳಿದಿದ್ದರೆ ಒಳ್ಳೆಯ ಚಿತ್ರ, ಕಮ್ಮಿ ಬಳಿದಿದ್ದರೆ ಕಲಾವಿದ ಜಿಪುಣ. ಹುಣಸೂರು ರಸ್ತೆಯ ಲಾರಿಗಳ ಹಿಂದೆ ಹಾಲು ಕುಡಿಯುವ ಕರು, ಗೊಬ್ಬರದಂಗಡಿಯವರು ಕೊಡುವ ಕ್ಯಾಲೆಂಡರಿನ ಲಕ್ಷ್ಮಿ, ಶಾಲೆಯ ಗೋಡೆಯ ಮೇಲೆ ನಗುತ್ತಲೂ ಇಲ್ಲದ ಅಳುತ್ತಲೂ ಇಲ್ಲದ ರಾಷ್ಟ್ರನಾಯಕರು, ಇಷ್ಟೇ ನನ್ನ ಚಿತ್ರಶಾಲೆ. ಆ ನಾಯಕರ ಹಾಗೆ ಮುಖ ಮಾಡಿ ತೋರಿಸಿ ಗೆಳೆಯರ ದುಡ್ಡಿನಲ್ಲಿ ಟೀ ಕುಡಿದಿದ್ದೇನೆ. ಊರಿನಲ್ಲಿ ನಾನು ಅಣಕಿಸದ ಮುಖವಿಲ್ಲ. ಕನ್ನಡಿ ಸಿಕ್ಕರೆ ನನ್ನದನ್ನೂ ಬಿಡುವುದಿಲ್ಲ, ಅದಕ್ಕೆ ಕಷ್ಟವನ್ನೂ ಪಡಬೇಕಿಲ್ಲ.

ಆ ಅಭಿಪ್ರಾಯ ಕೆಟ್ಟುಹೋದದ್ದು ತಾತನ ದೆಸೆಯಿಂದ.

ತಾತ ಸತ್ತ ಮೇಲೆ ನೋಡಿದರೆ ಮನೆಯಲ್ಲಿ ಅವನ ಒಂದು ಫೋಟೊವೂ ಇರಲಿಲ್ಲ. ಫೋಟೊ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಂಬಿದ್ದ ಮನುಷ್ಯ. ನಾನು ಫೋನ್ ಎತ್ತಿದ ಕೂಡಲೇ ಹೆಗಲಿನ ಟವಲ್ಲು ಮುಖದ ಮೇಲೆ ಬರುತ್ತಿತ್ತು. ಹಾಗಾಗಿ ನನ್ನ ಬಳಿ ಇದ್ದದ್ದೆಲ್ಲ ಟವಲ್ಲಿನ ಫೋಟೊಗಳು. ಅವು ಮಾತ್ರ ಚೆನ್ನಾಗಿ ಬಂದಿದ್ದವು. ಬಿಟ್ಟರೆ ವೋಟಿನ ಕಾರ್ಡಿನಲ್ಲಿ ಉಗುರಿನಷ್ಟು ಅಗಲದ ಒಂದು ಕಪ್ಪು ಮಚ್ಚೆ.

ನಮ್ಮ ಕಡೆ ಹಿರಿಯರ ಹಬ್ಬದಲ್ಲಿ ತೀರಿಕೊಂಡವರ ಫೋಟೊ ಮುಂದೆ ಎಡೆ ಇಡುತ್ತೇವೆ. ಹೊಸ ಪಂಚೆ, ಬಾಳೆ ಎಲೆಯ ತುಂಬ ಅವರಿಗೆ ಇಷ್ಟವಾಗಿದ್ದ ಅಡುಗೆ, ಸೇದುವವರಾಗಿದ್ದರೆ ಬೀಡಿ. ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಸ್ವಲ್ಪ ಹೊತ್ತು ಆಚೆ ನಿಲ್ಲುತ್ತೇವೆ. ತಾತನಿಗೆ ಫೋಟೊ ಇಲ್ಲದೆ ಬರಿಯ ಕಲಶ ಇಡುತ್ತಿದ್ದೆವು. ಅಜ್ಜಿ ಅದರ ಬಗ್ಗೆ ಯಾವತ್ತೂ ಏನೂ ಆಡಿದವಳಲ್ಲ. ಹೋದ ವರ್ಷ, ಹಬ್ಬಕ್ಕೆ ಇನ್ನೂ ತಿಂಗಳಿರುವಾಗ, ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಇದ್ದಕ್ಕಿದ್ದ ಹಾಗೆ ಅಂದಳು: "ಅವ್ರ ಮುಖ ಮರ್ತೋಯ್ತಾ ಅದೆ ಕಣ್ಲಾ. ಮೊದ್ಲು ಕಣ್ ಮುಚ್ಚುದ್ರೆ ಬತ್ತಿದ್ರು. ಈಗ ಬರೀ ಟವಲ್ಲು ಬತ್ತದೆ."

ನಾನು ನಕ್ಕೆ. ಅವಳು ನಗಲಿಲ್ಲ. ಸೊಪ್ಪಿನ ಕಡ್ಡಿಯನ್ನು ಮುರಿದು ಮುರಿದು ಪುಡಿ ಮಾಡುತ್ತಿದ್ದಳು.

ಪಿರಿಯಾಪಟ್ಟಣದ ಒಂದು ಸ್ಟುಡಿಯೋದಲ್ಲಿ ಕಾರ್ಡಿನ ಮಚ್ಚೆಯನ್ನು ದೊಡ್ಡದು ಮಾಡಿಸಿದೆ. ಅವರು ಧಾರಾಳಿಗಳು. ತಾತನಿಗೆ ನೀಲಿ ಕೋಟು ತೊಡಿಸಿ, ಟೈ ಕಟ್ಟಿ, ಕೆನ್ನೆ ಬೆಳ್ಳಗೆ ಮಾಡಿ, ಹಿಂದೆ ಊಟಿಯ ಹೂದೋಟ ಇಟ್ಟು ಕೊಟ್ಟರು. ಅಜ್ಜಿ ಅದನ್ನು ಕೈಯಳತೆ ದೂರ ಹಿಡಿದಳು.

"ಯಾರ್ಲಾ ಇವ್ನು?"

"ತಾತ ಕಣಜ್ಜಿ."

"ನಿಮ್ ತಾತ ಯಾವತ್ಲಾ ಕೋಟು ಹಾಕಿದ್ರು? ಈ ಬ್ಯಾಂಕಿನೋನ್ಗೆ ನಾನು ಎಡೆ ಇಕ್ಬೇಕಾ?"

ಕೊನೆಗೆ ಹುಣಸೂರಿನ ಪೇಂಟರಣ್ಣನನ್ನು ಮನೆಗೆ ಕರೆತಂದೆ. ಫ್ಲೆಕ್ಸ್ ಬಂದ ಮೇಲೆ ಅವನ ಕೈಗೆ ಉಳಿದದ್ದು ನಂಬರ್ ಪ್ಲೇಟು ಮತ್ತು ಅಂಗನವಾಡಿಯ ಗೋಡೆ. ಅವನು ತಾತನನ್ನು ಕಂಡವನಲ್ಲ, ಹೇಳಿದರೆ ಬರೆಯುತ್ತೇನೆ ಅಂದ. ಮೀಸೆ ದಪ್ಪ ಅಂದ ಅಪ್ಪ. ಮೀಸೆಯೇ ಇರಲಿಲ್ಲ ಅಂದಳು ಅವ್ವ. ಪೇಂಟರಣ್ಣ ಅಜ್ಜಿಯ ಕಡೆ ತಿರುಗಿದ.

"ನೀವೇಳಿ ಅಜ್ಜಮ್ಮ. ಮೂಗು ಎಂಗಿತ್ತು?"

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇತ್ತು ಕಣಪ್ಪ, ಮೂಗು."

ಎಲ್ಲರೂ ನಕ್ಕೆವು. ಆಗ ನಾನು ಎದ್ದು, ನಾನಿರುವಾಗ ಯೋಚನೆ ಯಾಕೆ ಅಂದೆ. ತಾತ ಬೀಡಿ ಕಚ್ಚಿ ಮೋಡ ನೋಡುತ್ತಿದ್ದ ಹಾಗೆ ಕಣ್ಣು ಕಿರಿದು ಮಾಡಿ, ತುಟಿ ಒಂದು ಕಡೆ ಎಳೆದು ಕುಳಿತೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಪೇಂಟರಣ್ಣ ಪೆನ್ಸಿಲ್ಲಿನಲ್ಲಿ ಬರೆದ. ಬರೆದದ್ದನ್ನು ಅಜ್ಜಿ ಒಮ್ಮೆ ನೋಡಿ, ಬೋರಲು ಹಾಕಿದಳು.

"ಇದು ನೀನು ಕಣ್ಲಾ. ಬದ್ಕಿರೋರ್ಗೆ ಎಡೆ ಇಕ್ತಾರಾ? ಬುಡು, ಅಪಶಕುನ."

ಪೇಂಟರಣ್ಣ ನನ್ನನ್ನು ಹಿತ್ತಲಿಗೆ ಕರೆದು ಹೇಳಿದ: "ಲೇ, ನೀನು ತಾತನ್ನ ತೋರಿಸ್ಲಿಲ್ಲ, ಆಡ್ಕೊಂಡೆ. ಜನ ನಗೋ ಜಾಗ ಮಾತ್ರ ಇಟ್ಕೊಂಡಿದ್ದೀಯ. ಮಿಕ್ಕಿದ್ದೆಲ್ಲ ನಿನ್ ಮುಖಾನೇ."

ಮಾರನೆಯ ದಿನ ನಾನೇ ಅವನ ಅಂಗಡಿಗೆ ಹೋದೆ.

ಅವನ ಅಂಗಡಿಯ ಗೋಡೆಯಲ್ಲಿ, ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಚಿತ್ರ ಇತ್ತು, ದೀಪ ಹಿಡಿದ ಹೆಂಗಸಿನದು. ಅದರ ಅಸಲಿ ಚಿತ್ರ ಮೈಸೂರಿನ ಒಂದು ಚಿತ್ರಶಾಲೆಯಲ್ಲಿದೆ, ಒಮ್ಮೆ ನೋಡು, ಮುಖ ಅಂದರೇನು ಅಂತ ಗೊತ್ತಾಗುತ್ತದೆ ಅಂದ. ಮುಂದಿನ ಸೋಮವಾರ ಮೂವರೂ ಬಸ್ ಹತ್ತಿದೆವು. ಅಜ್ಜಿ ಬಂದದ್ದು, ನಾನು ಒಬ್ಬನೇ ಹೋದರೆ ಇನ್ನೊಬ್ಬ ಕೋಟಿನವನನ್ನು ತರುತ್ತೇನೆ ಎಂಬ ಭಯಕ್ಕೆ.

ಹಳೆಯ ಅರಮನೆಯ ಆ ಚಿತ್ರಶಾಲೆಯಲ್ಲಿ ಮೊದಲು ಸಿಕ್ಕಿದವು ದೊಡ್ಡ ಎಣ್ಣೆಬಣ್ಣದ ಚಿತ್ರಗಳು. ನಮ್ಮ ಮನೆಯ ಲಕ್ಷ್ಮಿಯ ಅಕ್ಕತಂಗಿಯರೆಲ್ಲ ಅಲ್ಲಿ ಸಾಲಾಗಿ ನಿಂತಿದ್ದರು. ದೂರದಿಂದ ಜರತಾರಿ, ಹತ್ತಿರ ಹೋದರೆ ಬರಿಯ ಹಳದಿಯ ಹೆಂಟೆ. ಫೋನಿನಲ್ಲಿ ಇದು ಕಾಣುವುದಿಲ್ಲ. ಫೋನಿನಲ್ಲಿ ಎಲ್ಲ ಚಿತ್ರವೂ ಎಣ್ಣೆ ಸವರಿದ ಹಾಗೆ ನುಣ್ಣಗಿರುತ್ತದೆ. ಇಲ್ಲಿ ಒಬ್ಬ ಮನುಷ್ಯ ಎಲ್ಲಿ ಅವಸರ ಮಾಡಿದ, ಎಲ್ಲಿ ತಡೆದು ನಿಂತ ಎನ್ನುವುದು ಬಣ್ಣದಲ್ಲೇ ಉಳಿದಿತ್ತು. ನಾನು ಹಿಂದೆ ಮುಂದೆ ಓಡಾಡಿ ನೋಡಿದೆ. ಮನುಷ್ಯರನ್ನು ನಾನು ಇಷ್ಟು ಹೊತ್ತು ನೋಡಿದ್ದೇ ಇಲ್ಲ ಅನ್ನಿಸಿತು. ನನಗೆ ಬೇಕಾದ ಚೇಷ್ಟೆ ಸಿಕ್ಕಿದ ಕೂಡಲೇ ಕಣ್ಣು ತೆಗೆಯುತ್ತಿದ್ದೆ.

ದೀಪದ ಹೆಂಗಸು ಬೇರೆಯೇ ಕಡೆ ಇದ್ದಳು, ಬೆಳಕು ಕಮ್ಮಿ ಇಟ್ಟ ಜಾಗದಲ್ಲಿ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕ ಚಿತ್ರ. ದೀಪದ ಕುಡಿ ಅಂಗೈಯ ಮರೆಗೆ ಹೋಗಿದೆ. ಬೆರಳ ಸಂದಿಯ ಕೆಂಪು, ಕೆನ್ನೆಯ ಮೇಲೆ ಒಂದಿಷ್ಟು ಹೊನ್ನು, ಮಿಕ್ಕಿದ್ದು ಕತ್ತಲು. ಬಳಿಯದೆ ಬಿಟ್ಟದ್ದೇ ಹೆಚ್ಚು. ಅಜ್ಜಿ ಚಪ್ಪಲಿ ಬಿಟ್ಟು ಕೈ ಮುಗಿದಳು. ಮನೆಯಲ್ಲಿ ಸಂಜೆ ದೀಪ ಹಚ್ಚಿದಾಗ ಮುಗಿಯುತ್ತಾಳಲ್ಲ, ಹಾಗೆಯೇ. ಹಿಂದೆ ನಿಂತಿದ್ದ ಕಾಲೇಜು ಹುಡುಗರಲ್ಲಿ ಒಬ್ಬ ಕಿಸಕ್ಕೆಂದ. ಬೇರೆ ದಿನವಾಗಿದ್ದರೆ ಆ ಕಿಸಕ್ಕನ್ನು ಅಲ್ಲೇ ಅವನಿಗೆ ವಾಪಸು ಕೊಡುತ್ತಿದ್ದೆ. ಅಷ್ಟರಲ್ಲಿ ಅಜ್ಜಿ ಮಾತಾಡಲು ಶುರು ಮಾಡಿದಳು.

"ಅತ್ತೆ ಮಾವ ಇದ್ದ ಮನೇಲಿ ಗಂಡನ್ ಮುಖ ಎತ್ತಿ ನೋಡಾಂಗಿರ್ನಿಲ್ಲ ಕಣ್ಲಾ. ಅವ್ರೋದ್ ಮೇಲೂ ಅದೇ ರೂಢಿಯಾಗೋಯ್ತು. ಒಗೆಸೊಪ್ಪು ಬೇಯ್ಸೋ ಕಾಲ್ದಲ್ಲಿ ಬ್ಯಾರನ್ ತಾವ್ಕೆ ಬುತ್ತಿ ತಕ್ಕೊಂಡೋಗಿ ಕೊಡ್ತಿದ್ನಲ್ಲ, ಆಗ ಒಲೆ ಬೆಂಕೀಲಿ ಇಂಗೆ ಕಾಣೋರು. ಅರ್ಧ ಮುಖ. ಅವ್ರು ಬೆಂಕಿ ನೋಡೋರು, ನಾನು ಅವ್ರನ್ನ ನೋಡೋಳು. ನಾನ್ ಕಂಡಿದ್ದು ಅಷ್ಟೇಯ."

ಮೂಗು ಎಂಗಿತ್ತು ಎಂದು ಕೇಳಿದಾಗ ಅವಳು ಯಾಕೆ ಹಾಗೆ ಹೇಳಿದಳೆಂದು ನನಗೆ ಆಗ ಅರ್ಥವಾಯಿತು. ನಾವೆಲ್ಲ ನಕ್ಕಿದ್ದೆವು.

"ಯಾವ್ ಕಡೆ ಅರ್ಧ, ಅಜ್ಜಮ್ಮ?" ಎಂದು ಕೇಳಿದ ಪೇಂಟರಣ್ಣ, ಬಹಳ ಮೆಲ್ಲಗೆ.

ಅಜ್ಜಿ ತನ್ನ ಬಲಗೆನ್ನೆ ಮುಟ್ಟಿ ತೋರಿಸಿದಳು.

ಆ ವಾರ ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮನೆಗೆ ಸೊಪ್ಪು ತುಂಬಿದ್ದರು. ಹೊತ್ತು ಮುಳುಗುವ ಹೊತ್ತಿಗೆ ಪೇಂಟರಣ್ಣ ಬಂದು ನನ್ನನ್ನು ಒಲೆಯ ಬಾಯಿಯ ಮುಂದೆ ಕೂರಿಸಿದ. ತಾತನ ಹಾಗೆ ಮುಖ ಮಾಡಲಾ ಅಂತ ಕೇಳಿದೆ. "ಏನೂ ಮಾಡ್ಬೇಡ. ಸೌದೆ ಹಾಕು," ಅಂದ. ಮುಖ ಮಾಡದೆ ಕೂರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಉರಿ ಕೆನ್ನೆ ಸುಡುತ್ತಿತ್ತು, ಹೊಗೆಗೆ ಕಣ್ಣು ತಾನಾಗಿ ಕಿರಿದಾಯಿತು. ತಾತನ ಕಣ್ಣು ಯಾವಾಗಲೂ ಯಾಕೆ ಹಾಗಿರುತ್ತಿತ್ತು ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಚಿತ್ರ ಹಬ್ಬದ ಬೆಳಿಗ್ಗೆ ಬಂತು. ಬಲಗೆನ್ನೆ, ಹಣೆಯ ಒಂದು ಅಂಚು, ಟವಲ್ಲಿನ ಒಂದು ಮಡಿಕೆ. ಮಿಕ್ಕಿದ್ದು ಕತ್ತಲು. ಅದು ತಾತನೇ ಎಂದು ನಾನು ಆಣೆ ಮಾಡಲಾರೆ. ನಾನಲ್ಲ ಎಂದು ಮಾತ್ರ ಮಾಡಬಲ್ಲೆ.

ಅಪ್ಪ ಅದನ್ನು ಗೋಡೆಗೆ ಒರಗಿಸಿ ಮುಂದೆ ಎಲೆ ಹಾಸಿದ. ಅಡುಗೆ ಮನೆಯಿಂದ ಮುದ್ದೆಯ ತಟ್ಟೆ ಹಿಡಿದು ಬಂದ ಅಜ್ಜಿ ಹೊಸ್ತಿಲಲ್ಲೇ ನಿಂತಳು. ಈ ಸಲವೂ ಬೋರಲು ಹಾಕುತ್ತಾಳೋ ಏನೋ ಅಂದುಕೊಂಡೆ. ಅವಳು ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿಕೊಂಡು, ಇನ್ನೊಂದು ಕೈಯಲ್ಲಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತಲೆ ತಗ್ಗಿಸಿಯೇ ಬಂದು ಬಡಿಸಿದಳು.

"ಅತ್ತೆ, ನೋಡ್ರಿ ಒಂದ್ಸಲ, ಎಂಗ್ ಬಂದದೆ," ಅಂದಳು ಅವ್ವ.

"ಸುಮ್ಕಿರವ್ವ," ಅಂದಳು ಅಜ್ಜಿ, ಪಿಸುದನಿಯಲ್ಲಿ. "ಉಣ್ಲಿ ಅವ್ರು. ನಡೀರಿ ಎಲ್ಲಾ ಆಚ್ಗೆ."

ನಾವು ಹೊರಗೆ ಬಂದೆವು. ಬಾಗಿಲನ್ನು ಅವಳೇ ಮುಚ್ಚಿದಳು, ಸದ್ದಾಗದ ಹಾಗೆ.