ಗೆರೆಯ ಕೆಳಗಿನ ಆಕಾಶ

ಇವರು ಮೇಲೆ ಹೋದಷ್ಟೂ ನನಗೆ ನಿರಾಳ. ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಹೋಟೆಲಿಗೆ ಮೀನು ತರುವ ಹೆಂಗಸು ಬಂದಾಗಲೆಲ್ಲ ಕೇಳುತ್ತಾಳೆ, "ಅವ್ರ್ ಮೇಲ್ ಹೋಪತಿಗೆ ನಿಂಗೆ ಹೆದ್ರಿಕಿ ಆತಿಲ್ಯಾ?" ಆಗುತ್ತದೆ, ಅವರು ನೆಲಕ್ಕೆ ಹತ್ತಿರ ಹಾರುವಾಗ.

ನನ್ನ ಗಂಡ ಮುಂಬೈಯ ಹೋಟೆಲಿನಲ್ಲಿದ್ದಾಗ ರಜೆಯ ದಿನ ಅಲ್ಲಿನ ಗುಡ್ಡಗಳಿಗೆ ಹೋಗಿ ಪ್ಯಾರಾಗ್ಲೈಡಿಂಗ್ ಕಲಿತವರು. ಊರಿಗೆ ಬಂದು ಬೈಂದೂರಿನ ಹೆದ್ದಾರಿ ಬದಿಯಲ್ಲಿ ಸ್ವಂತ ಹೋಟೆಲು ಹಾಕಿದ ಮೇಲೂ ಆ ಹುಚ್ಚು ಬಿಡಲಿಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಕಡಲ ಗಾಳಿ ಎದ್ದಿತೆಂದರೆ ಬಟ್ಟೆಯ ರೆಕ್ಕೆ ಬೆನ್ನಿಗೇರಿಸಿ ಗುಡ್ಡ ಹತ್ತುತ್ತಾರೆ. ನಾನು ಕೆಳಗೆ ಮರಳಿನಲ್ಲಿ ನಿಂತು, ದೋಣಿಗಳ ಬಾವುಟ ಯಾವ ಕಡೆಗೆ ಹಾರುತ್ತಿದೆ, ಎಷ್ಟು ಜೋರು ಎಂದು ಫೋನಿನಲ್ಲಿ ಹೇಳಬೇಕು. ಅಲ್ಲಿ ನಿಂತು ನಿಂತು ನಾನು ಕಲಿತದ್ದು ಒಂದೇ: ಗಾಳಿ ಕೈಕೊಟ್ಟು ರೆಕ್ಕೆ ಮುದುಡಿದರೆ, ಅದು ಮತ್ತೆ ಬಿಚ್ಚಿಕೊಳ್ಳಲು ಕೆಳಗೆ ಜಾಗ ಬೇಕು. ಎತ್ತರವಿದ್ದರೆ ಜೀವ ಉಳಿಯುತ್ತದೆ.

ಹೋದ ಚಳಿಗಾಲದಲ್ಲಿ ಇವರ ಫೋನಿಗೆ ಸರ್ಕಾರದ ಹೊಸ ನಿಯಮಗಳ ಕರಡು ಬಂತು. ಆಕಾಶದಲ್ಲಿ ಯಾರು ಎಲ್ಲಿ ಹಾರಬಹುದು ಎಂಬ ವಿಷಯ. ಇಂಥ ರೆಕ್ಕೆಯವರು ನೆಲದಿಂದ ಒಂದು ಗೆರೆಯವರೆಗೆ ಮಾತ್ರ. ಅದು ಇವರು ದಿನವೂ ಏರುವ ಎತ್ತರದ ಅರ್ಧವೂ ಅಲ್ಲ. ದೊಡ್ಡ ವಿಮಾನಗಳಿಗೆ ದಾರಿ ಬೇಕು, ಒಪ್ಪುತ್ತೇನೆ. ಆದರೆ ಅಷ್ಟು ಕೆಳಗೆ ಮುದುಡಿದ ರೆಕ್ಕೆ ಬಿಚ್ಚಿಕೊಳ್ಳುವುದೆಲ್ಲಿ ಎಂದು ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಇವರ ಸ್ವಭಾವ ನನಗೆ ಗೊತ್ತು. ಎದುರು ಅಂಗಡಿಗೆ ಹಾಲು ತರಲು ಸ್ಕೂಟರ್ ಹತ್ತಿದರೂ ಹೆಲ್ಮೆಟ್ ಹಾಕುವವರು. ಒಂದು ಚಹಾಕ್ಕೂ ಬಿಲ್ ಹರಿದು ಕೊಡುವವರು. ಮಾರನೆಯ ದಿನವೇ ಆ ಗೆರೆ ಮುಟ್ಟಿದರೆ ಕೂಗುವಂತೆ ಎತ್ತರ ಅಳೆಯುವ ಉಪಕರಣಕ್ಕೆ ಅಲಾರಾಂ ಇಟ್ಟರು.

"ಅದಿನ್ನೂ ಕರಡಲ್ದಾ? ಈಗ್ಲೇ ಎಂತಕ್ಕೆ?" ಎಂದೆ.

"ಇವತ್ತಲ್ದಿದ್ರೆ ನಾಳೆ ಬತ್ತ್. ಮೊದ್ಲೇ ಅಭ್ಯಾಸ ಮಾಡಿಕಂಡ್ರೆ ಒಳ್ಳೇದ್."

ಬಾರದ ಕಾನೂನನ್ನು ಪಾಲಿಸುವ ಪುಣ್ಯಾತ್ಮರು ಇನ್ನೆಲ್ಲಾದರೂ ಇದ್ದಾರೋ ನಾನರಿಯೆ.

ಹಾಗಿರುವಾಗ ಒಂದು ದಿನ ಗಾಳಿ ಚೆನ್ನಾಗಿತ್ತು, ಅದೇ ತೊಂದರೆಯಾಯಿತು. ಗುಡ್ಡಕ್ಕೆ ಬಡಿದ ಗಾಳಿ ಇವರನ್ನು ಮೇಲಕ್ಕೆ ಎತ್ತುತ್ತಿತ್ತು, ಇವರು ಗೆರೆ ಮುಟ್ಟದಂತೆ ರೆಕ್ಕೆಯ ಎರಡೂ ತುದಿ ಮಡಚಿ ಕೆಳಗೇ ಉಳಿಯುತ್ತಿದ್ದರು. ಅಷ್ಟರಲ್ಲಿ ದೋಣಿಗಳ ಬಾವುಟಗಳು ಒಮ್ಮೆಲೇ ಜೋತುಬಿದ್ದು, ಮರುಕ್ಷಣ ಪಟಪಟ ಎದ್ದವು. "ಮೇಲ್ ಹೋಯ್ನಿ" ಎಂದು ಫೋನಿನಲ್ಲಿ ಕೂಗಿದೆ. ಇವರು ಹೋಗಲಿಲ್ಲ. ರೆಕ್ಕೆಯ ಒಂದು ಪಕ್ಕ ಒದ್ದೆ ಸೀರೆಯ ಹಾಗೆ ಕುಸಿಯಿತು. ಬಿಚ್ಚಿಕೊಳ್ಳುವಷ್ಟು ಜಾಗ ಇರಲಿಲ್ಲ. ಇವರು ಗುಡ್ಡದ ಗೇರು ಮರಗಳ ನಡುವೆ ಮರೆಯಾದರು.

ನಾನು ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಆ ಏರಿನಲ್ಲಿ ಇವರ ಹೆಸರು ಹಿಡಿದು ಕೂಗಿದೆ, ಮದುವೆಯಾದ ಮೇಲೆ ಮೊದಲ ಸಲ. ಗೇರು ಕೊಂಬೆಯಲ್ಲಿ ಹಗ್ಗ ಸಿಕ್ಕಿ ನೇತಾಡುತ್ತಿದ್ದರು. ಎಡಗಾಲು ಇರಬೇಕಾದಂತೆ ಇರಲಿಲ್ಲ. ನನ್ನನ್ನು ಕಂಡು ಹೇಳಿದ್ದು ಇಷ್ಟು: "ಗೆರೆ ದಾಟ್ಲಿಲ್ಲೆ ಮಾರಾಯ್ತಿ, ಒಂದ್ ಸಲವೂ ದಾಟ್ಲಿಲ್ಲೆ."

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಸತ್ತಿದ್ದರೂ ನಿಯಮದೊಳಗೇ ಸತ್ತಿರುತ್ತಿದ್ದರು.

ಕುಂದಾಪುರದ ಆಸ್ಪತ್ರೆಯಲ್ಲಿ ಇವರ ಮಂಚದ ಪಕ್ಕ ಕೂತು ಆ ಕರಡಿಗೆ ನಾನೇ ಆಕ್ಷೇಪಣೆ ಬರೆದು ಕಳಿಸಿದೆ. ಉತ್ತರ ಬಂದಿಲ್ಲ. ಕಾಲು ಕೂಡಿದೆ; ಇವರು ಮತ್ತೆ ರೆಕ್ಕೆಯ ಹಗ್ಗಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಾರೆ. ಬಿಟ್ಟುಬಿಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಇಳಿದು ಬಂದಾಗಿನ ಅವರ ಮುಖ ನಾನು ನೋಡಿದವಳು. ನಿಯಮ ಬಂದರೆ ಏನು ಮಾಡುತ್ತೀರಿ ಎಂದು ಮಾತ್ರ ಕೇಳಿದೆ.

"ಕಾನೂನ್ ಮುರೂಕ್ ಆತ್ತಾ?" ಎಂದರು, ನಾನೇ ತಪ್ಪು ಕೇಳಿದೆ ಎಂಬಂತೆ.

ಮೊನ್ನೆ ಊರ ದೇವಸ್ಥಾನದಲ್ಲಿ ಹೂವಿನ ಪೂಜೆ ಹೇಳಿಕೊಂಡೆ. ಭಟ್ಟರು ಸಂಕಲ್ಪಕ್ಕೆ ಕೂತು, ಎಂತಕ್ಕೆ ಪೂಜೆ ಎಂದು ಕೇಳಿದರು. ಯಜಮಾನರ ಆಯುಷ್ಯಕ್ಕೆ ಎಂದೆ. ಆದರೆ ಕಣ್ಣು ಮುಚ್ಚಿ ನಾನು ಬೇಡಿಕೊಂಡದ್ದು, ದೇವರೇ, ಆ ನಿಯಮ ಬಂದರೆ ನನ್ನ ಗಂಡನಿಗೆ ಅದನ್ನು ಮುರಿಯುವ ಬುದ್ಧಿ ಕೊಡು ಎಂದು.