ಅಕ್ಕನ ಕೈನಡುಕದ ಪೇಟೆಂಟ್

ಗೊಂಬೆ ಕೂರಿಸಿದ ಮನೆಯಲ್ಲಿ ಏನನ್ನೂ ಮುಚ್ಚಿಡುವ ಪದ್ಧತಿ ನಮ್ಮ ಅಗ್ರಹಾರದಲ್ಲಿಲ್ಲ. ದಸರಾ ಮುಗಿಯುವವರೆಗೆ ಬಂದವರಿಗೆಲ್ಲ ಗೊಂಬೆ ತೋರಿಸಬೇಕು, ಉಸಲಿಯೋ ಕೋಡುಬಳೆಯೋ ಕೊಟ್ಟು ಕಳಿಸಬೇಕು. ಕೆಲವು ವರ್ಷಗಳ ಹಿಂದೆ ನಾವು ಪಟ್ಟದ ಗೊಂಬೆಗಳ ಪಕ್ಕದಲ್ಲೇ ನಮ್ಮ ಫೋನನ್ನೂ ಇಟ್ಟೆವು. ಬುದ್ಧಿವಂತರು ಯಾರೂ ಮಾಡದ ಕೆಲಸ ಅದು ಎಂದು ಆಮೇಲೆ ತಿಳಿಯಿತು.

ನಾವೆಂದರೆ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ನಾನು ಮತ್ತು ನನ್ನಷ್ಟೇ ತಲೆಕೆಟ್ಟ ನಾಲ್ಕೈದು ಜನ. ಜಗತ್ತಿನ ಫೋನುಗಳನ್ನೆಲ್ಲ ಎರಡು ದೊಡ್ಡ ಕಂಪನಿಗಳು ಪಾಲು ಮಾಡಿಕೊಂಡು ಕೂತಿವೆ ಎಂಬ ಸಿಟ್ಟಿಗೆ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಬದಲಿ ಆಪರೇಟಿಂಗ್ ಸಿಸ್ಟಮ್ ಒಂದನ್ನು ಕಟ್ಟುತ್ತಿದ್ದೆವು. ನಜರ್‌ಬಾದಿನ ನನ್ನ ಹಳೆಯ ಗೆಳೆಯನೂ ತನ್ನದೇ ಗುಂಪು ಕಟ್ಟಿಕೊಂಡು ಅಂಥದ್ದೇ ಇನ್ನೊಂದನ್ನು ಮಾಡುತ್ತಿದ್ದ. ಯಾರದ್ದು ಚೆನ್ನಾಗಿದೆ ಎಂದು ಜಗಳವಾಡುತ್ತಲೇ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆವು.

ನಮ್ಮ ಸಿಸ್ಟಮ್‌ನಲ್ಲಿ ಹೆಮ್ಮೆಪಡುವಂಥದ್ದು ಒಂದೇ ಇತ್ತು. ಅದನ್ನು ಕಲಿಸಿದವಳು ನನ್ನ ಜೊತೆಗೇ ಇರುವ ಅಕ್ಕ. ಅವಳ ಕೈ ವಿಪರೀತ ನಡುಗುತ್ತದೆ. ನಾದಿನಿಗೆ ಫೋನ್ ಮಾಡಲು ಹೋದರೆ ಗ್ಯಾಸಿನವನಿಗೆ ಹೋಗುತ್ತಿತ್ತು. ಬೈಸಿಕೊಂಡು ಬೈಸಿಕೊಂಡು ಫೋನ್ ಮುಟ್ಟುವುದನ್ನೇ ಬಿಟ್ಟಿದ್ದಳು. ಆದರೆ ಕುಂಕುಮ ಇಟ್ಟುಕೊಳ್ಳುವಾಗ ಮಾತ್ರ ಅಂಗೈಯನ್ನು ಕೆನ್ನೆಗೆ ಊರಿ, ಉಂಗುರಬೆರಳಿನಿಂದ ನೆಟ್ಟಗೆ ಇಡುತ್ತಿದ್ದಳು. ಅದನ್ನು ನೋಡಿಯೇ ನಮಗೆ ಹೊಳೆದದ್ದು. ಅಂಗೈಯ ಅಂಚನ್ನು ಸ್ಕ್ರೀನಿನ ಕೆಳಗೆ ಊರಿದರೆ ಫೋನು ಬೆರಳಿನ ನಡುಕವನ್ನು ಲೆಕ್ಕಕ್ಕಿಡುವುದಿಲ್ಲ. ಅಂಗೈ ಎತ್ತಿದಾಗ ಮಾತ್ರ ಬೆರಳು ನಿಂತ ಹೆಸರಿಗೆ ಕರೆ ಹೋಗುತ್ತದೆ. ಅಕ್ಕ ಮತ್ತೆ ಊರಿನ ಸುದ್ದಿಯನ್ನೆಲ್ಲ ವಿಚಾರಿಸತೊಡಗಿದಳು. ಆ ದಸರೆಯಲ್ಲಿ ಬಂದವರಿಗೆಲ್ಲ ಅವಳೇ ಕೆನ್ನೆಗೆ ಕೈಯೂರಿ ತೋರಿಸಿ, ಆಮೇಲೆ ಫೋನ್ ಮಾಡಿ ತೋರಿಸಿದಳು. ಗೆಳೆಯ ಎರಡನೇ ಸಲ ಉಸಲಿ ಹಾಕಿಸಿಕೊಂಡು ಅದನ್ನು ವಿಡಿಯೋ ಮಾಡಿಕೊಂಡ.

ಈ ವರ್ಷ ಒಂದು ಭಾನುವಾರ ಅವನು ಬಂದು, ಜಗಲಿಯ ಮೇಲೆ ಕೂತು, ಏನೋ ಮದುವೆಗೆ ಕರೆಯುವವನ ಹಾಗೆ ಹೇಳಿದ.

"ಆ ಅಂಗೈ ಊರೋದನ್ನ ನಿಮ್ಮದರಿಂದ ತೆಗೆದ್ಬುಡ್ರಪ್ಪ. ಹೊರದೇಶದಲ್ಲಿ ನಮಗೆ ಅದರ ಪೇಟೆಂಟ್ ಸಿಕ್ಬುಟ್ಟದೆ. ಜನ ನಿಮ್ಮದನ್ನ ಇಳಿಸ್ಕೊಳ್ಳೋ ಸರ್ವರ್ರೂ ಅಲ್ಲೇ ಅಲ್ವಾ ಇರೋದು?"

ತಮಾಷೆ ಇರಬೇಕು ಎಂದು ನಕ್ಕೆ. ಅವನು ನಗಲಿಲ್ಲ. ತನ್ನ ಫೋನಿನಲ್ಲೇ ಪೇಟೆಂಟಿನ ವಿವರಣೆ ತೆರೆದುಕೊಟ್ಟ. ಓದುತ್ತಾ ಹೋದೆ. ಬಳಕೆಗೆ ಉದಾಹರಣೆಯಾಗಿ, ನಡುಗುವ ಕೈಯ ಒಬ್ಬ ಹೆಂಗಸು ಉಂಗುರಬೆರಳಿನಿಂದ ಹಣೆಗೆ ಬೊಟ್ಟಿಡುವಾಗ ಅಂಗೈಯನ್ನು ಕೆನ್ನೆಗೆ ಊರುವಂತೆ ಎಂದು ಬರೆದಿತ್ತು. ನನ್ನ ಅಕ್ಕ ಅಲ್ಲಿದ್ದಳು, ಉಂಗುರಬೆರಳಿನ ಸಮೇತ. ಉಪಾಯ ಕದ್ದದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಅವಳನ್ನೇ ಎತ್ತಿಕೊಂಡು ಹೋಗಿ ಅದರೊಳಗೆ ಕೂರಿಸಿದ್ದ.

"ನಾವ್ ಮಾಡಿಸ್ದೇ ಇದ್ರೆ ದೊಡ್ಡೋರು ಮಾಡಿಸ್ಕೊಳ್ತಿದ್ರು ಕಣೋ. ನಿಮ್ ಗುಂಪು ನಮ್ ಜೊತೆ ಸೇರ್ಕೊಂಬುಡಿ, ಬಳಸ್ಕೊಳಿ, ಯಾರ್ ಬೇಡ ಅಂತಾರೆ?" ಎಂದ.

ಅಲ್ಲಿಗೆ ಅರ್ಥವಾಯಿತು. ಅವನ ಪೈಪೋಟಿ ಇದ್ದದ್ದು ದೊಡ್ಡ ಕಂಪನಿಗಳ ಜೊತೆಯಲ್ಲ, ನಮ್ಮ ಜೊತೆ. ಕೂಗಾಡಿ ಅವನನ್ನು ಕಳಿಸಿ, ವಕೀಲರೊಬ್ಬರನ್ನು ಕೇಳಿದೆ. ಬೀದಿಗೆಲ್ಲ ಮೊದಲೇ ತೋರಿಸಿದ್ದಿರಿ, ಆ ಆಧಾರದ ಮೇಲೆ ಪೇಟೆಂಟನ್ನು ಪ್ರಶ್ನಿಸಬಹುದು, ಆದರೆ ಅದು ನಿಮ್ಮ ಕೈಲಾಗುವ ಹೋರಾಟವಲ್ಲ ಎಂದರು. ಅಷ್ಟು ಕೇಳಿದ್ದೇ ನಮ್ಮ ಗುಂಪಿನವರು, ಮುಂದಿನ ಅಪ್‌ಡೇಟ್‌ನಲ್ಲಿ ತೆಗೆದುಬಿಡೋಣ ಎಂದರು. ಅದು ನನಗೆ ಎರಡನೆಯ ಪೆಟ್ಟು. ಅಕ್ಕನ ಕೈಯಡುಗೆ ಉಂಡವರೇ ಎಲ್ಲರೂ.

ಅಕ್ಕನಿಗೆ ಹೇಳಲೇಬೇಕಾಯಿತು. ಪೇಟೆಂಟ್ ಎಂದರೇನು ಎಂದು ಬಿಡಿಸಿ ಹೇಳಿದೆ. ಕೇಳಿ ತನ್ನ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಂದ್ರೆ, ನಾನು ಯಾರಿಗಾದ್ರೂ ಫೋನ್ ಮಾಡ್ಬೇಕಾದ್ರೆ ಅವನನ್ನ ಕೇಳ್ಬೇಕೇನೋ? ತಾಳು, ಕೇಳೇ ಬಿಡ್ತೀನಿ."

ಅಂಗೈ ಊರಿದಳು, ಬೆರಳನ್ನು ಅವನ ಹೆಸರಿನ ಮೇಲಿಟ್ಟಳು, ಎತ್ತಿದಳು. ಅವನು ತೆಗೆದ.

"ಏನಪ್ಪಾ, ಊಟ ಆಯ್ತಾ? ನಿನ್ನನ್ನ ಕೇಳಿ ಫೋನ್ ಮಾಡ್ಬೇಕಂತೆ, ಅದಕ್ಕೇ ಫೋನ್ ಮಾಡ್ದೆ ಕಣೋ," ಎಂದು ನಕ್ಕಳು.

ಕರೆ ಕಟ್ಟಾಯಿತು. ಸಿಗ್ನಲ್ ಹೋಗಿರಬೇಕೆಂದು ಅಕ್ಕ ಮತ್ತೆ ಮಾಡಿದಳು, ಹೋಗಲಿಲ್ಲ. ಇನ್ನೊಮ್ಮೆ ಮಾಡಿದಳು, ಹೋಗಲಿಲ್ಲ. ನಾನು ಅಂಗಳಕ್ಕೆ ಹೋಗಿ ನನ್ನ ಫೋನಿನಿಂದ ಮಾಡಿದೆ. ಮೊದಲ ರಿಂಗಿಗೇ ಎತ್ತಿ, "ಹೇಳೋ, ಸೇರ್ಕೋತೀರಾ?" ಎಂದ. ಅಕ್ಕನ ನಂಬರನ್ನು ಮಾತ್ರ ಬ್ಲಾಕ್ ಮಾಡಿದ್ದ. "ಅಂಗೈ ಊರೋದನ್ನ ತೆಗೆಯಲ್ಲ, ಏನ್ ಮಾಡ್ಕೋತೀಯೋ ಮಾಡ್ಕೋ," ಎಂದು ಇಟ್ಟೆ.

ಒಳಗೆ ಬಂದಾಗ ಅಕ್ಕ ಇನ್ನೂ ಅಂಗೈ ಊರಿಕೊಂಡು ಪ್ರಯತ್ನಿಸುತ್ತಲೇ ಇದ್ದಳು.

"ನನ್ನ ಕೈಯೇ ನಡುಗಿಬಿಡ್ತು ಅನ್ಸುತ್ತೆ ಕಣೋ, ಹೋಗ್ತಾನೇ ಇಲ್ಲ," ಎಂದಳು.

"ಇಲ್ಲ ಅಕ್ಕ, ನಿನ್ನ ಕೈ ಸರಿಯಾಗೇ ಇದೆ," ಎಂದೆ.